ಕಾಫಿಖಾನೆಯ ಹರಟೆಗೆ ಹೆದರಿದ ಸುಲ್ತಾನರು

‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಫಲಕವನ್ನು ನಮ್ಮ ಊರುಗಳ ಕೆಲವು ಹೋಟೆಲುಗಳ ಗೋಡೆಯಲ್ಲಿ ಓದುಗರು ನೋಡಿಯೇ ಇರುತ್ತೀರಿ. ಜಗಳವಾದೀತು, ಗ್ಲಾಸು ಒಡೆದೀತು ಎಂಬುದಷ್ಟೇ ಹೋಟೆಲಿನವರ ಚಿಂತೆ. ಆದರೆ ನಾಲ್ಕು ಮಂದಿ ಗೆಳೆಯರು ಕಾಫಿ ಕುಡಿಯುತ್ತಾ ಆಡುವ ಮಾತಿಗೆ ದೊಡ್ಡ ದೊಡ್ಡ ಸಾಮ್ರಾಜ್ಯಗಳೇ ಹೆದರಿದ್ದುಂಟು.

ಕಾಫಿಯನ್ನು ಮೊದಲು ರೂಢಿಗೆ ತಂದವರು ಯಮನ್‌ನ ಸೂಫಿಗಳು. ರಾತ್ರಿಯ ದಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಅವರು ಅದನ್ನು ಕುಡಿಯುತ್ತಿದ್ದರು. ನಮ್ಮ ಚಿಕ್ಕಮಗಳೂರಿನ ಬೆಟ್ಟಕ್ಕೆ ಬಾಬಾ ಬುಡನ್ ಏಳು ಬೀಜ ತಂದರೆಂದು ಜನ ಹೇಳುವುದೂ ಅದೇ ಯಮನ್‌ನಿಂದ. 1511ರಲ್ಲಿ ಮಕ್ಕಾದ ಅಧಿಕಾರಿ ಖಾಇರ್ ಬೇಗ್, ಮಸೀದಿಯ ಬಳಿ ರಾತ್ರಿ ಗುಂಪುಗೂಡಿ ಕಾಫಿ ಕುಡಿಯುತ್ತಿದ್ದವರನ್ನು ಕಂಡು ಉಲೇಮಾಗಳನ್ನೂ ವೈದ್ಯರನ್ನೂ ಸೇರಿಸಿ ಕಾಫಿಯನ್ನೇ ನಿಷೇಧಿಸಿದ. ಆದರೆ ಕೈರೋದಿಂದ ಬಂದ ಆದೇಶ ಅಷ್ಟು ಕಠಿಣವಾಗಿರಲಿಲ್ಲ. ಅದು ತಡೆಯಲು ಹೇಳಿದ್ದು ಪಾನೀಯವನ್ನಲ್ಲ, ಅದರ ಸುತ್ತ ಸೇರುವ ಕೂಟಗಳನ್ನು. ಸಮಸ್ಯೆ ಲೋಟದಲ್ಲಿರಲಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು.

1550ರ ದಶಕದಲ್ಲಿ ಅಲೆಪ್ಪೊ ಮತ್ತು ದಮಾಸ್ಕಸ್‌ನಿಂದ ಬಂದ ಇಬ್ಬರು ಇಸ್ತಾಂಬುಲ್‌ನಲ್ಲಿ ಕಾಫಿಖಾನೆ ತೆರೆದರೆಂದು ಇತಿಹಾಸಕಾರ ಪೆಚೆವಿ ಬರೆದಿದ್ದಾನೆ. ಅದಕ್ಕೂ ಮೊದಲು ಮರ್ಯಾದಸ್ಥ ಮುಸ್ಲಿಮನೊಬ್ಬ ರಾತ್ರಿ ಹೊತ್ತು ಗೆಳೆಯರೊಡನೆ ಎಲ್ಲಿ ಕೂರಬೇಕಿತ್ತು? ಮಸೀದಿಗೆ ಅದರದ್ದೇ ಅದಬು. ಮನೆಗೆ ಆಹ್ವಾನವಿದ್ದವನು ಮಾತ್ರ ಹೋಗಬಹುದು. ಹೆಂಡದಂಗಡಿಯತ್ತ ಹೋಗುವಂತಿಲ್ಲ. ಕಾಫಿಖಾನೆಯಲ್ಲಾದರೋ ಪುಡಿಗಾಸು ಕೊಟ್ಟವನಿಗೆ ಜಾಗ ಸಿಕ್ಕಿತು. ಕಾಜಿ, ಮದ್ರಸಾದ ಉಸ್ತಾದ್, ಕೆಲಸ ಕಳೆದುಕೊಂಡ ಅಧಿಕಾರಿ, ದೋಣಿ ನಡೆಸುವವನು, ಸಿಪಾಯಿ ಎಲ್ಲರೂ ಒಂದೇ ಸೂರಿನಡಿ ಬಂದರು. ಕೆಲವರು ಅದನ್ನು ಜ್ಞಾನದ ಶಾಲೆ ಎಂದರು. ಜನ ಮಸೀದಿ ಬಿಟ್ಟು ಅಲ್ಲಿ ಕೂರುತ್ತಾರೆಂದು ಧರ್ಮಬೋಧಕರು ದೂರಿದರು. ಎರಡೂ ಸುಳ್ಳಿರಲಾರದು.

ಅಲ್ಲಿ ಹವಾಮಾನದ ಮಾತೂ ಬರೀ ಹವಾಮಾನದ್ದಾಗಿರಲಿಲ್ಲ. ಇಸ್ತಾಂಬುಲ್‌ನ ಧಾನ್ಯ ಹಡಗಿನಲ್ಲಿ ಬರಬೇಕು. ದಕ್ಷಿಣದ ಗಾಳಿ ಬೀಸದಿದ್ದರೆ ಈಜಿಪ್ಟಿನ ಹಡಗುಗಳು ಜಲಸಂಧಿಯ ಆಚೆಯೇ ನಿಲ್ಲುತ್ತಿದ್ದವು. ರೊಟ್ಟಿಯ ದರ ನಿಗದಿ ಮಾಡುವುದು ಸರಕಾರ. ಹೀಗಾಗಿ ‘ಗಾಳಿ ತಿರುಗಲಿಲ್ಲವಲ್ಲ’ ಎಂದು ಶುರುವಾದ ಮಾತು ರೊಟ್ಟಿಗೆ, ರೊಟ್ಟಿಯಿಂದ ವಜೀರನಿಗೆ, ಅಲ್ಲಿಂದ ಅಲ್ಲಾಹನ ಮುನಿಸಿಗೆ ಹೋಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. 1621ರ ಚಳಿಗೆ ಬಾಸ್ಫೊರಸ್ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆದಾಡಿದರು, ನಗರದಲ್ಲಿ ಆಹಾರ ತುಟ್ಟಿಯಾಯಿತು. ಮರುವರ್ಷ ಜಾನಿಸರಿ ಸೈನಿಕರು ದಂಗೆಯೆದ್ದು ಯುವ ಸುಲ್ತಾನ ಎರಡನೇ ಉಸ್ಮಾನನನ್ನು ಕೊಂದರು. ಚಳಿಯೇ ಅದಕ್ಕೆ ಕಾರಣವೆನ್ನಲಾಗದು, ಸೈನಿಕರ ಸಿಟ್ಟಿಗೆ ಬೇರೆ ಕಾರಣಗಳಿದ್ದವು. ಆದರೆ ಹಸಿದ ನಗರ ಏನೇನು ಮಾತಾಡಿರಬಹುದೆಂದು ಊಹಿಸಬಹುದು.

ಉಸ್ಮಾನನ ಮಲಸಹೋದರ ನಾಲ್ಕನೇ ಮುರಾದ್ 1623ರಲ್ಲಿ, ಹನ್ನೊಂದರ ಪ್ರಾಯದಲ್ಲಿ ಪಟ್ಟವೇರಿದ. ಅಣ್ಣನ ಗತಿ ಅವನಿಗೆ ಮರೆಯುವಂಥದ್ದಲ್ಲ. 1633ರಲ್ಲಿ ನಗರಕ್ಕೆ ದೊಡ್ಡ ಬೆಂಕಿ ಬಿದ್ದಾಗ ಅದನ್ನೇ ನೆಪ ಮಾಡಿ ಕಾಫಿಖಾನೆಗಳನ್ನು ಮುಚ್ಚಿಸಿದ, ತಂಬಾಕು ನಿಷೇಧಿಸಿದ. ತಂಬಾಕು ಸೇದಿದವರು ತಲೆ ಕಳೆದುಕೊಂಡರು. ಕಾದಿಝಾದೆಯಂಥ ಬೋಧಕರ ಬೆಂಬಲವೂ ಅವನಿಗೆ ದೊರೆಯಿತು. ಧರ್ಮದ ಹೆಸರಿತ್ತು, ಆದರೆ ಭಯ ಸಿಂಹಾಸನದ್ದು ಎಂಬುದೇ ನನ್ನ ತಿಳುವಳಿಕೆ. ಏಕೆಂದರೆ ಕಾಫಿ ಹರಾಮಲ್ಲವೆಂಬ ಫತ್ವಾವನ್ನು ಶೈಖುಲ್ ಇಸ್ಲಾಂ ಬೋಸ್ತಾನ್‌ಝಾದೆ ಅದಕ್ಕೂ ಮೊದಲೇ ಕೊಟ್ಟಾಗಿತ್ತು. ಆ ಕಾಲದ ವಿದ್ವಾಂಸ ಕಾತಿಬ್ ಚೆಲೆಬಿ ಇಂಥ ನಿಷೇಧಗಳಿಂದ ಪ್ರಯೋಜನವಾಗಲಿಲ್ಲವೆಂದು ದಾಖಲಿಸಿದ್ದಾನೆ.

ಇದು ಪೌರ್ವಾತ್ಯ ದೊರೆಗಳ ಗುಣವೆಂದು ಯಾರೂ ಭಾವಿಸಬೇಕಿಲ್ಲ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಇಂಥದ್ದೇ ಆಜ್ಞೆ ಹೊರಡಿಸಿ, ಅದು ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡ. ನಮ್ಮಲ್ಲೇ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ದೆಹಲಿಯ ಕನಾಟ್ ಪ್ಲೇಸ್‌ನ ಕಾಫಿ ಹೌಸನ್ನು ಕೆಡವಲಾಯಿತು.

ಇಸ್ತಾಂಬುಲ್‌ಗೆ ಮರಳೋಣ. ಬಾಯಿ ಮುಚ್ಚಿಸಿ ಸೋತ ಆಡಳಿತ ಕೊನೆಗೆ ಕಿವಿ ತೆರೆಯಿತು. 1840ರ ದಶಕದ ಆರಂಭದಲ್ಲಿ ಗೂಢಚಾರರನ್ನು ಕಾಫಿಖಾನೆ, ಕ್ಷೌರದಂಗಡಿ, ಮಸೀದಿಯ ಅಂಗಳಗಳಿಗೆ ಕಳಿಸಲಾಯಿತು. ಅದಕ್ಕೂ ಮುನ್ನ ‘ರಾಜ್ಯದ ಮಾತು’ ಆಡಿದವನಿಗೆ ಶಿಕ್ಷೆಯಾಗುತ್ತಿತ್ತು. ಈ ಸಲ ಕೆಲಸ ಬರೆದುಕೊಳ್ಳುವುದು ಮಾತ್ರ. ಯಾರು, ಎಲ್ಲಿ, ಏನು ಹೇಳಿದರು ಎಂಬುದನ್ನು ಆಡಿದ ಹಾಗೆಯೇ ಬರೆದು ಒಪ್ಪಿಸುತ್ತಿದ್ದರು. ಈಜಿಪ್ಟಿನ ಮುಹಮ್ಮದ್ ಅಲಿ ಪಾಶಾ ಏನು ಮಾಡಿಯಾನು, ಹೊಸ ತೆರಿಗೆ ಎಷ್ಟು ಬಂದೀತು, ಇವೆಲ್ಲ ಅದರಲ್ಲಿವೆ. ಜನ ಏನೆನ್ನುತ್ತಾರೆಂದು ತಿಳಿಯಬೇಕಾದ ಕಾಲ ಸುಲ್ತಾನನಿಗೂ ಬಂದಿತ್ತು.

ಅಕ್ಷರ ಬಾರದ ಹಮಾಲಿಗಳ, ವ್ಯಾಪಾರಿಗಳ ಆ ಹರಟೆಯನ್ನು ಬೇರಾರೂ ಬರೆದಿಡುತ್ತಿರಲಿಲ್ಲ. ಇಂದು ಸಂಶೋಧಕರು ಅದನ್ನು ಓದುತ್ತಿರುವುದು ಪಕ್ಕದ ಬೆಂಚಿನಲ್ಲಿ ಕಾಫಿ ಕುಡಿಯುತ್ತಾ ಕಿವಿಗೊಟ್ಟಿದ್ದ ಸರಕಾರಿ ಗೂಢಚಾರನ ಕೈಬರಹದಲ್ಲಿ.