ಶಾಂಪೂ ಹಿಂದಿರೋ ಚಂಪಿ

ನೀವು ದಿನಾ ಬಳಸೋ ‘ಶಾಂಪೂ’ ಎಲ್ಲಿಂದ ಬಂದ ಪದ ಗೊತ್ತಾ? ಉರ್ದು-ಹಿಂದಿಯ ‘ಚಾಂಪ್ನಾ’ದಿಂದ, ಅಂದ್ರೆ ಮೈ ಒತ್ತುವುದು. ಚಂಪಿಯೂ ಅದರ ಬಳಗದ್ದೇ.

1759ರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಹೋಟೆಲ್ ತೆರೆದರು. ಎರಡೇ ವರ್ಷಕ್ಕೆ ದಿವಾಳಿ. ಆಮೇಲೆ ಕೈಹಿಡಿದದ್ದು ಮಾಲೀಶು. ಬ್ರೈಟನ್ನಿನ ಕಡಲತೀರದಲ್ಲಿ ಸ್ನಾನಗೃಹ ನಡೆಸಿದರು. ಕೀಲುನೋವಿನವರನ್ನು ಗಿಡಮೂಲಿಕೆಯ ಹಬೆಯಲ್ಲಿ ಬೆವರಿಸಿ, ಫ್ಲಾನೆಲ್ ಗುಡಾರದ ತೋಳುಗಳಲ್ಲಿ ಕೈ ತೂರಿಸಿ ಮೈ ಒತ್ತುತ್ತಿದ್ದರು. 1822ರಲ್ಲಿ ಆ ಚಿಕಿತ್ಸೆಯ ಬಗ್ಗೆ ಪುಸ್ತಕವನ್ನೂ ಬರೆದರು. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರು ದೊರೆಗಳಿಗೂ ‘ಶಾಂಪೂ ಸರ್ಜನ್’ ಆದರು.

ಮುಂದೆ ಆ ಪದ ಕೂದಲು ತೊಳೆಯೋದಕ್ಕೆ ಜಾರಿ, ಬಾಟಲಿ ಸೇರಿತು. ಒತ್ತುವ ಕೈಗಳು ಮರೆತುಹೋದವು. ಮುಂಬೈ ಚೌಪಾಟಿಯಲ್ಲಿ ಎಣ್ಣೆ ಸೀಸೆ ಹಿಡಿದ ಮಾಲೀಶ್‌ವಾಲಾನನ್ನು ಕೀಳಾಗಿ ನೋಡಬೇಡಿ. ದೊರೆಗಳೂ ಒಪ್ಪಿದ ವಿದ್ಯೆ ಅದು. ಸಲಾಂ ಹೇಳಿ, ಹೆಸರು ಕೇಳಿ.