ನೀರಿನ ಬಾಟಲಿಯ ಮರೆಯಲ್ಲಿ

ಯುದ್ಧಕಾಲದ ದಾದಿ ಎಂದರೆ ನಮ್ಮ ಪಾಠಗಳಲ್ಲಿ ದೀಪ ಹಿಡಿದ ನೈಟಿಂಗೇಲ್ ಒಬ್ಬಳೇ. ನಾನು ತರಗತಿಯಲ್ಲಿ ಆಸ್ಟ್ರೇಲಿಯಾದ ಸೇನಾ ದಾದಿ ವಿವಿಯನ್ ಬುಲ್‌ವಿಂಕೆಲ್‌ಳ ಕಥೆಯನ್ನೂ ಹೇಳುತ್ತೇನೆ. ಆಗ ಹಿಂದಿನ ಬೆಂಚಿನ ಪಿಸುಮಾತೂ ನಿಂತುಬಿಡುತ್ತದೆ.

1942ರ ಫೆಬ್ರವರಿ 12. ಸಿಂಗಪುರ ಜಪಾನೀಯರ ವಶವಾಗಲು ಮೂರೇ ದಿನ ಉಳಿದಿತ್ತು. ಆಸ್ಟ್ರೇಲಿಯಾದ 65 ದಾದಿಯರನ್ನು ‘ವೈನರ್ ಬ್ರೂಕ್’ ಹಡಗಿಗೆ ಹತ್ತಿಸಿದರು. ರೋಗಿಗಳನ್ನು ಬಿಟ್ಟು ಹೊರಡಲು ಅವರಿಗೆ ಮನಸ್ಸಿರಲಿಲ್ಲ, ಆಜ್ಞೆ, ಹೊರಟರು. 14ರಂದು ಬಾಂಬು ಬಿದ್ದು ಹಡಗು ಮುಳುಗಿತು. 12 ದಾದಿಯರು ಸಮುದ್ರದ ಪಾಲಾದರು. ವಿವಿಯನ್ ಸೇರಿ 22 ಮಂದಿ ಸುಮಾತ್ರದ ಪಕ್ಕದ ಬಂಕಾ ದ್ವೀಪದ ಒಂದು ದಂಡೆಗೆ ಬಂದು ಸೇರಿದರು.

ಎಲ್ಲರೂ ಶರಣಾಗುವುದೆಂದು ತೀರ್ಮಾನವಾಯಿತು. ಇತರ ಹೆಂಗಸರು, ಮಕ್ಕಳು ಹತ್ತಿರದ ಊರಿನ ಕಡೆ ನಡೆದರು. ದಾದಿಯರೂ ಹೋಗಬಹುದಿತ್ತು. ಆದರೆ ಮರಳ ಮೇಲೆ ಗಾಯಾಳುಗಳು ಮಲಗಿದ್ದರಲ್ಲ! ಉಳಿದರು. 16ರಂದು ಬಂದ ಜಪಾನೀ ಸೈನಿಕರು ಗಂಡಸರನ್ನು ಮರೆಗೆ ಒಯ್ದು ಕೊಂದರು. ಆಮೇಲೆ ದಾದಿಯರನ್ನು ಸಮುದ್ರದೊಳಕ್ಕೆ ನಡೆಸಿ ಹಿಂದಿನಿಂದ ಮಷಿನ್‌ಗನ್ ಹಾರಿಸಿದರು. 21 ಮಂದಿ ಸತ್ತರು. ಸೊಂಟದ ಬಳಿ ಗುಂಡು ಹಾಯ್ದಿದ್ದ ವಿವಿಯನ್ ಹೆಣದಂತೆ ತೇಲಿ ಬದುಕಿದಳು. ಅವಳಿಗಾಗ 26 ವರ್ಷ.

ಕಾಡಿನಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕನೊಬ್ಬ ಸಿಕ್ಕಿದ. ತನ್ನ ಗಾಯದ ನಡುವೆಯೇ ಸುಮಾರು 12 ದಿನ ಅವನ ಆರೈಕೆ ಮಾಡಿದಳು. ಊರಿನ ಗಂಡಸರು ಹೆದರಿ ಕಳಿಸಿಬಿಟ್ಟರು. ಹೆಂಗಸರು ಹಿಂದೆಯೇ ಬಂದು ಅನ್ನ ಕೊಟ್ಟರು. ಕೊನೆಗೆ ಶರಣಾಗುವಾಗ ಬಟ್ಟೆಯ ಮೇಲಿನ ಗುಂಡಿನ ತೂತು ಕಾಣದಂತೆ ನೀರಿನ ಬಾಟಲಿಯನ್ನು ಇಳಿಬಿಟ್ಟುಕೊಂಡಿದ್ದಳು. ಆ ಸೈನಿಕ ಹೆಚ್ಚು ದಿನ ಬದುಕಲಿಲ್ಲ.

ಸೆರೆಶಿಬಿರದಲ್ಲಿ 31 ಗೆಳತಿಯರು ಸಿಕ್ಕರು. ನಡೆದದ್ದನ್ನು ಕೇಳಿಸಿಕೊಂಡು, ಇನ್ನು ಇದರ ಮಾತೇ ಎತ್ತಬಾರದೆಂದು ನಿಶ್ಚಯಿಸಿದರು. ಸಾಕ್ಷಿ ಬದುಕಿದ್ದಾಳೆಂದು ತಿಳಿದರೆ ಅವಳನ್ನು ಉಳಿಸುತ್ತಿದ್ದರೇ? ಹಸಿವು, ಮಲೇರಿಯಾ, ಎಂಟು ಗೆಳತಿಯರ ಸಾವು, ಮೂರೂವರೆ ವರ್ಷ. ಗುಟ್ಟು ಹೊರಬೀಳಲಿಲ್ಲ. ಹೆಂಗಸರ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುವವರು ಇದನ್ನು ಕೇಳಬೇಕು.

1946ರಲ್ಲಿ ಆಕೆ ಟೋಕಿಯೋ ನ್ಯಾಯಮಂಡಳಿಯಲ್ಲಿ ಸಾಕ್ಷಿ ಹೇಳಿದಳು. ಆದರೆ ಎಲ್ಲವನ್ನೂ ಹೇಳಲಿಲ್ಲ. ಕೊಲ್ಲುವ ಮುನ್ನ ಸೈನಿಕರು ದಾದಿಯರ ಮೇಲೆ ಅತ್ಯಾಚಾರ ನಡೆಸಿದ್ದರು, ಅದನ್ನು ಹೇಳಕೂಡದೆಂದು ಆಕೆಗೆ ಸ್ವದೇಶದ ಅಧಿಕಾರಿಗಳೇ ತಾಕೀತು ಮಾಡಿದ್ದರು ಎಂದು ಸಂಶೋಧಕರು 2019ರಲ್ಲಿ ಬರೆದರು. ಅಷ್ಟರಲ್ಲಿ ಆಕೆ ತೀರಿಕೊಂಡು 19 ವರ್ಷ ಕಳೆದಿತ್ತು. ಗೆಳತಿಯರು ಕಾಯ್ದ ಮೌನ ಒಂದು ಜೀವ ಉಳಿಸಿತು. ಈ ಎರಡನೆಯ ಮೌನ ಯಾರ ಮಾನ ಕಾಯಲು ಬೇಕಾಗಿತ್ತೋ, ನನಗಂತೂ ಸಿಟ್ಟು ಬರುತ್ತದೆ.

2023ರಲ್ಲಿ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಆಕೆಯ ಪ್ರತಿಮೆ ನಿಲ್ಲಿಸಿದರು. ಗುಂಡಿನ ತೂತಿರುವ ಆ ಸಮವಸ್ತ್ರವನ್ನು ಕಾಪಾಡಿಟ್ಟಿರುವುದೂ ಅಲ್ಲಿಯೇ.