ಹಿಡಿದ ಮದ್ದು ಕೈಬಿಟ್ಟಾಗ

ಖಿನ್ನತೆಯ ಔಷಧಗಳ ಚರಿತ್ರೆ ಬರೆಯುವವರೆಲ್ಲ ಮದ್ದು ಮೊದಲ ಸಲ ಹಿಡಿದ ದಿನದಿಂದ ಆರಂಭಿಸುತ್ತಾರೆ. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಸೀ ವ್ಯೂ ಕ್ಷಯ ಆಸ್ಪತ್ರೆಯಲ್ಲಿ ಐಪ್ರೋನಿಯಾಜಿಡ್ ಎಂಬ ಹೊಸ ಮಾತ್ರೆಯನ್ನು ಪ್ರಯೋಗಕ್ಕೆ ಕೊಟ್ಟರು. ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಓಡಾಡತೊಡಗಿದರು, ಊಟ ಸಾಲದೆಂದರು, ವಾರ್ಡಿನಲ್ಲಿ ಕುಣಿದರು. ಆ ಫೋಟೋಗಳು ಅಮೆರಿಕದ ಪತ್ರಿಕೆಗಳಲ್ಲಿ ಬಂದವು. ಶ್ವಾಸಕೋಶ ಇನ್ನೂ ವಾಸಿಯಾಗದವರಿಗೆ ಮನಸ್ಸಿನ ಈ ಲವಲವಿಕೆ ಎಲ್ಲಿಂದ ಬಂತು? ಅದೇ ಮಾತ್ರೆಯನ್ನು ಖಿನ್ನತೆಗೂ ಕೊಡಬಹುದೆಂದು ನೇಥನ್ ಕ್ಲೈನ್ ಎಂಬ ಮನೋವೈದ್ಯರು 1957ರಲ್ಲಿ ವರದಿ ಮಾಡಿದರು. ಬೇಡಿಕೆ ಏರಿತು. ಕೆಲವರಿಗೆ ಕಾಮಾಲೆ ಬಂತು, ಕೆಲವರು ಸತ್ತರು. 1961ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಮಾತ್ರೆಯನ್ನು ಹಿಂತೆಗೆದರು.

ಅದರಿಂದ ಚೇತರಿಸಿಕೊಂಡಿದ್ದವರು ಆಮೇಲೆ ಏನು ಮಾಡಿದರು? ಪುಸ್ತಕಗಳು ಅಲ್ಲಿ ನಿಲ್ಲುವುದಿಲ್ಲ, ಮುಂದಿನ ಮಾತ್ರೆಯ ಅಧ್ಯಾಯಕ್ಕೆ ಜಿಗಿಯುತ್ತವೆ. ನಾನು ಇಂಗ್ಲೆಂಡಿನ ಮಧ್ಯಭಾಗದ ಒಂದು ಊರಿನಲ್ಲಿ ಔಷಧದಂಗಡಿಯ ಕೌಂಟರಿನ ಹಿಂದೆ ಇಪ್ಪತ್ತು ವರ್ಷಗಳಿಂದ ನಿಂತಿರುವವನು. ನನ್ನ ಮುಂದೆ ಬರುವವರಲ್ಲಿ ಹೆಚ್ಚಿನವರು ಮೊದಲ ಅಧ್ಯಾಯವನ್ನು ಎಂದೋ ದಾಟಿದವರು. ಏಳು ವರ್ಷ, ಹತ್ತು ವರ್ಷ ಅದೇ ಮಾತ್ರೆಯ ಪೊಟ್ಟಣ ಒಯ್ದಿರುತ್ತಾರೆ. ಒಂದು ದಿನ ಪೊಟ್ಟಣ ಕೈಗೆ ತೆಗೆದುಕೊಳ್ಳುತ್ತಾ, "ಇದು ಮೊದಲಿನ ಹಾಗಿಲ್ಲ" ಎನ್ನುತ್ತಾರೆ. ಹಾಗಾಗಿ ಆ ಬಿಟ್ಟುಹೋದ ಅಧ್ಯಾಯದ ಮೇಲೆ ನನಗೆ ಕಣ್ಣು.

ಎರಡನೆಯ ಮಾತ್ರೆ ಸ್ವಿಟ್ಜರ್ಲೆಂಡಿನದು. ಕಾನ್‌ಸ್ಟನ್ಸ್ ಸರೋವರದ ದಡದ ಮ್ಯೂನ್‌ಸ್ಟರ್‌ಲಿಂಗನ್ ಎಂಬ ಹಳ್ಳಿಯ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು ಗೈಗಿ ಕಂಪನಿ ಕಳಿಸಿಕೊಟ್ಟ ಒಂದು ಪುಡಿಯನ್ನು 1956ರಲ್ಲಿ ಖಿನ್ನರಾದ ರೋಗಿಗಳಿಗೆ ಕೊಟ್ಟು ನೋಡಿದರು. ಮುಂದೆ ಇಮಿಪ್ರಮೀನ್ ಎಂದು ಹೆಸರಾದದ್ದು ಅದೇ. 1957ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ಸಮ್ಮೇಳನದಲ್ಲಿ ಕೂನ್ ಅದರ ಬಗ್ಗೆ ಮಾತಾಡಿದಾಗ ಕೇಳಲು ಕೂತಿದ್ದವರು ಹತ್ತು ಹನ್ನೆರಡು ಮಂದಿ. ಈ ಮದ್ದು ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಲಕ್ಷಣಗಳನ್ನು ತಡೆದು ಹಿಡಿಯುತ್ತದೆ, ಬೇಗ ನಿಲ್ಲಿಸಿದರೆ ಖಿನ್ನತೆ ಮರಳಬಹುದು ಎಂಬುದನ್ನು ಅವರು ಆಗಲೇ ಗಮನಿಸಿದ್ದರು.

ಕೂನ್ ಅವರ ಸೂಕ್ಷ್ಮದೃಷ್ಟಿಯನ್ನು ಮೆಚ್ಚುತ್ತಲೇ ಇನ್ನೊಂದನ್ನೂ ಹೇಳಬೇಕು. ಆ ಆಸ್ಪತ್ರೆಯ ಕಡತಗಳನ್ನು ಜಾಲಾಡಿದ ಇತಿಹಾಸಕಾರರ ವರದಿ 2019ರಲ್ಲಿ ಹೊರಬಂತು. ದಶಕಗಳ ಕಾಲ ಅಲ್ಲಿ ಹತ್ತಾರು ಹೊಸ ಪುಡಿ, ಮಾತ್ರೆಗಳನ್ನು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಲಾಗಿತ್ತು. ಅವರಲ್ಲಿ ಬಹುಪಾಲು ಮಂದಿಯನ್ನು ಯಾರೂ ಕೇಳಿರಲಿಲ್ಲ. ಹಿಡಿದರೆ ಮುಂದುವರಿಸುವುದು, ಹಿಡಿಯದಿದ್ದರೆ ಇನ್ನೊಂದನ್ನು ಕೊಡುವುದು, ಎರಡೂ ವೈದ್ಯರ ಇಚ್ಛೆ. ರೋಗಿ ಬಾಯಿ ತೆರೆಯಬೇಕಾದದ್ದು ಮಾತ್ರೆ ನುಂಗುವುದಕ್ಕೆ ಮಾತ್ರ.

ಈ ಮಾತ್ರೆಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಊಹೆಯಲ್ಲಿ ನಮ್ಮ ಕಡೆಯ ಒಂದು ಬೇರಿನ ಪಾಲೂ ಇದೆ. ಸರ್ಪಗಂಧವನ್ನು ರಕ್ತದೊತ್ತಡಕ್ಕೂ ಬುದ್ಧಿವಿಕಾರಕ್ಕೂ ಕೊಡಬಹುದೆಂದು ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲಿ ಬರೆದರು. ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅದರ ಬಗ್ಗೆ ಪ್ರಕಟಿಸಿದ ಮೇಲೆ ಪಶ್ಚಿಮದವರು ತಿರುಗಿ ನೋಡಿದರು. ಆ ಬೇರಿನಿಂದ ತೆಗೆದ ರೆಸರ್ಪಿನ್ ಕುಡಿದ ರಕ್ತದೊತ್ತಡದ ರೋಗಿಗಳಲ್ಲಿ ಕೆಲವರು ಮಂಕಾದರು. ಅದು ಮಿದುಳಿನ ಸೆರಟೋನಿನ್ ಮೊದಲಾದ ರಾಸಾಯನಿಕಗಳನ್ನು ಖಾಲಿ ಮಾಡುತ್ತದೆಂದು ಪ್ರಯೋಗಾಲಯದಲ್ಲಿ ಕಂಡರು. ಹಾಗಾದರೆ ಅವು ಕಡಿಮೆಯಾಗುವುದೇ ಖಿನ್ನತೆ, ತುಂಬಿಸುವುದೇ ಚಿಕಿತ್ಸೆ ಎಂಬ ಸರಳ ಲೆಕ್ಕ ಹುಟ್ಟಿತು. 1987ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪ್ರೊಜ್ಯಾಕ್ ಈ ಲೆಕ್ಕವನ್ನು ಮನೆಮನೆಗೆ ಮುಟ್ಟಿಸಿತು.

ಲೆಕ್ಕ ಅಷ್ಟು ಸರಳವಾಗಿದ್ದರೆ ಹಿಡಿದ ಮದ್ದು ಎಂದೂ ಬಿಡಬಾರದಿತ್ತು. ಸಂಪು ಸೋರಿದರೆ ನೀರು ತುಂಬಿಸಿದಂತೆ ದಿನಾ ತುಂಬಿಸಿದರಾಯಿತು. ಆದರೆ ಮಾತ್ರೆ ತಪ್ಪದೆ ನುಂಗುತ್ತಿದ್ದವರಲ್ಲೂ ಒಂದು ಹಂತದಲ್ಲಿ ಕತ್ತಲೆ ಮರಳುತ್ತಿತ್ತು. ವೈದ್ಯರು ಇದಕ್ಕೆ ಟ್ಯಾಕಿಫೈಲ್ಯಾಕ್ಸಿಸ್ ಎಂಬ ನಾಲಿಗೆ ತೊಡರುವ ಹೆಸರಿಟ್ಟರು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ದೇಹ ಒಗ್ಗಿಹೋಗಿರಬಹುದು, ರೋಗವೇ ಬಲಿತಿರಬಹುದು. ಮೊದಲ ಸಲ ಗುಣವಾದದ್ದು ಮಾತ್ರೆಗಿಂತ ಕಾಲದಿಂದಲೂ ಇರಬಹುದು.

ಕಾರಣ ಗೊತ್ತಿಲ್ಲದೆಯೂ ದಾರಿ ಹುಡುಕಲೇಬೇಕಲ್ಲ. ಮೊದಲ ದಾರಿ ಪ್ರಮಾಣ ಏರಿಸುವುದು. ಇಪ್ಪತ್ತು ಮಿಲಿಗ್ರಾಂ ಪ್ರೊಜ್ಯಾಕ್ ನುಂಗುತ್ತಲೇ ಮತ್ತೆ ಕುಸಿದವರಿಗೆ ನಲವತ್ತು ಕೊಟ್ಟು ನೋಡಿದ ಬಾಸ್ಟನ್ನಿನ ವೈದ್ಯರು, ಹಲವರು ಮೇಲೆದ್ದರೆಂದು 1995ರಲ್ಲಿ ಬರೆದರು. ಸಣ್ಣ ಅಧ್ಯಯನ, ಆದರೆ ಇಂದಿಗೂ ಹೆಚ್ಚಿನ ವೈದ್ಯರು ಮೊದಲು ಹಿಡಿಯುವುದು ಇದೇ ಹಾದಿ.

ಎರಡನೆಯದು ಮಾತ್ರೆ ಬದಲಿಸುವುದು. ಕೇಳಲು ಸುಲಭ, ಆದರೆ ಚರಿತ್ರೆಯಲ್ಲಿ ಹೆಚ್ಚು ಅಪಾಯ ಕಂಡದ್ದು ಇಲ್ಲೇ. ಐಪ್ರೋನಿಯಾಜಿಡ್ ವಂಶದ ಮಾತ್ರೆ ನುಂಗುತ್ತಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬರುತ್ತಿತ್ತು, ರಕ್ತದೊತ್ತಡ ಹಾರುತ್ತಿತ್ತು. ತನ್ನ ಹೆಂಡತಿಗೆ ಚೀಸ್ ತಿಂದಾಗಲೆಲ್ಲ ಹೀಗಾಗುತ್ತದೆ ಎಂದು ಪತ್ರ ಬರೆದವನು ನಾಟಿಂಗ್‌ಹ್ಯಾಮಿನ ಒಬ್ಬ ಔಷಧ ವ್ಯಾಪಾರಿ. (ನಮ್ಮ ವೃತ್ತಿಯವನೆಂದು ಒಂದು ಸಣ್ಣ ಹೆಮ್ಮೆ.) ಮೊದಲು ಯಾರೂ ಅಷ್ಟಾಗಿ ನಂಬಲಿಲ್ಲ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಕಿರಿಯ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ 1963ರಲ್ಲಿ ಅದು ನಿಜವೆಂದು ಲ್ಯಾನ್ಸೆಟ್‌ನಲ್ಲಿ ಬರೆದರು. ಆ ವಂಶದ ಮಾತ್ರೆಗೆ ಇನ್ನೊಂದು ಖಿನ್ನತೆಯ ಮಾತ್ರೆ ಡಿಕ್ಕಿ ಹೊಡೆದರೂ ಪ್ರಾಣಾಪಾಯವೇ. ಅದಕ್ಕೇ ಈ ಎರಡರ ನಡುವೆ ದೇಹವನ್ನು ತೊಳೆಯಲು ಬಿಡುವು ಬೇಕು. ಸಾಮಾನ್ಯವಾಗಿ ಎರಡು ವಾರ ಸಾಕಾಗುತ್ತದೆ, ಪ್ರೊಜ್ಯಾಕ್‌ನಿಂದ ಅತ್ತ ಹೊರಟರೆ ಐದು ವಾರ. ಅದು ದೇಹ ಬಿಟ್ಟು ಹೋಗಲು ಅಷ್ಟು ಹಠಮಾರಿ. ಆ ವಾರಗಳಲ್ಲಿ ರೋಗಿಗೆ ಆಸರೆಯೆಂಬ ಮಾತ್ರೆಯೇ ಇಲ್ಲ. ಇಂದು ಸಾಮಾನ್ಯವಾಗಿ ಕೊಡುವ ಮಾತ್ರೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಇಷ್ಟು ಕಷ್ಟವಲ್ಲ. ಆದರೂ ವೈದ್ಯರ ಲೆಕ್ಕವಿಲ್ಲದೆ ಕೈಯಾರೆ ಮಾಡುವ ಕೆಲಸವೂ ಅಲ್ಲ. ರಜೆಗೆ ಊರಿಗೆ ಹೋದಾಗ ಮಾತ್ರೆ ಮುಗಿದು, ಅಲ್ಲಿನ ಮೆಡಿಕಲ್ ಸ್ಟೋರಿನಲ್ಲಿ "ಇದೇ ತರದ್ದು" ಎಂದು ಕೇಳಿ ತಂದ ಸ್ಟ್ರಿಪ್ಪುಗಳನ್ನು ನನ್ನ ಕೌಂಟರಿನ ಮೇಲೆ ಹರಡಿದವರಿದ್ದಾರೆ.

ಮೂರನೆಯದು ಇದ್ದ ಮಾತ್ರೆಗೆ ಇನ್ನೊಂದನ್ನು ಜೋಡಿಸುವುದು. 1981ರಲ್ಲಿ ಮಾಂಟ್ರಿಯಲ್‌ನ ಕ್ಲೋಡ್ ದ ಮಾಂಟಿನ್ಯಿ, ಹಳೆಯ ಮಾತ್ರೆಗೆ ಬಗ್ಗದ ಎಂಟು ರೋಗಿಗಳಿಗೆ ಲಿಥಿಯಂ ಸೇರಿಸಿದಾಗ ಎರಡೇ ದಿನದಲ್ಲಿ ಚೇತರಿಕೆ ಕಂಡಿತೆಂದು ವರದಿ ಮಾಡಿದರು. ಅಷ್ಟು ಬೇಗ ಎಲ್ಲರಿಗೂ ಹಾಗಾಗಲಿಲ್ಲ, ಆದರೆ ಲಿಥಿಯಂ ಉಳಿದುಕೊಂಡಿತು. ಥೈರಾಯ್ಡ್ ಹಾರ್ಮೋನು ಸೇರಿಸಿದವರೂ ಉಂಟು. ಬ್ರಿಟನ್ನಿನಲ್ಲಿ ಮಿರ್ಟಾಜಪಿನ್ ಜೋಡಿಸುವ ರೂಢಿ ಬೆಳೆದಿತ್ತು. 480 ರೋಗಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇವುಗಳಲ್ಲಿ ಯಾವುದು ಮೇಲು? ಉತ್ತರಕ್ಕಾಗಿ ಅಮೆರಿಕ ಸರ್ಕಾರ ಸುಮಾರು 35 ಮಿಲಿಯನ್ ಡಾಲರ್ ಖರ್ಚು ಮಾಡಿತು. ಸ್ಟಾರ್‌ಡಿ ಎಂಬ ಆ ಅಧ್ಯಯನವನ್ನು ಜಾನ್ ರಶ್ ಮುನ್ನಡೆಸಿದರು, ಅವರ ಜೊತೆಗಾರರಲ್ಲಿ ಪ್ರಮುಖರು ಮಧುಕರ ತ್ರಿವೇದಿ. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಮೊದಲು ಎಲ್ಲರಿಗೂ ಸಿಟಾಲೋಪ್ರಾಮ್. ಸುಮಾರು ಮೂರರಲ್ಲಿ ಒಂದು ಪಾಲು ಮಂದಿಯ ಲಕ್ಷಣಗಳು ಅಡಗಿದವು. ಉಳಿದವರು ಎರಡನೆಯ ಮೆಟ್ಟಿಲಿಗೆ ಬಂದಾಗ ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲೇ ದೊಡ್ಡದಾದ ಒಂದು ಸಣ್ಣ ಘಟನೆ ನಡೆಯಿತು. ರೋಗಿಗಳನ್ನು ಕೇಳಿದರು. ಬದಲಿಸುವುದು ಬೇಕೋ, ಜೋಡಿಸುವುದು ಬೇಕೋ, ಮಾತಿನ ಚಿಕಿತ್ಸೆಗೆ ಒಪ್ಪಿಗೆಯೋ? ಬೇಡವೆಂದ ದಾರಿಗೆ ಅವರನ್ನು ತಳ್ಳಲಿಲ್ಲ. ಏನು ಕೊಟ್ಟರೂ ಸರಿ ಎಂದು ಪೂರ್ತಿ ಬಿಟ್ಟುಕೊಟ್ಟವರು ಬಹಳ ಕಡಿಮೆ. ಸ್ವಲ್ಪವಾದರೂ ಗುಣ ಕಂಡವರು ಇದ್ದುದನ್ನು ಕಳೆದುಕೊಳ್ಳಲು ಮನಸ್ಸಿಲ್ಲದೆ ಜೋಡಣೆ ಕೇಳಿದರು. ಅಡ್ಡಪರಿಣಾಮದಿಂದ ಬೇಸತ್ತವರು ಬದಲಾವಣೆ ಕೇಳಿದರು. ಯಾರಿಗೆ ಯಾವುದು ಎಂಬ ಅರಿವು ಅವರಿಗೇ ಇತ್ತು. ವಿಜ್ಞಾನಕ್ಕೆ ಅದು ತೊಡಕಾಯಿತು, ಎರಡು ಗುಂಪುಗಳನ್ನು ನೇರವಾಗಿ ಹೋಲಿಸಲು ಬರಲಿಲ್ಲ.

2006ರಲ್ಲಿ ಫಲಿತಾಂಶ ಬಂತು. ಬದಲಿ ಮಾತ್ರೆಗಳಲ್ಲಿ ಒಂದಕ್ಕಿಂತ ಒಂದು ಹೆಚ್ಚೆಂದೇನೂ ಇಲ್ಲ. ಬದಲಿಸಿದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಗುಣವಾದರು. ಮೂರನೆಯ, ನಾಲ್ಕನೆಯ ಮೆಟ್ಟಿಲುಗಳಲ್ಲಿ ಫಲ ಇನ್ನೂ ಕಡಿಮೆ. ನಾಲ್ಕೂ ಮೆಟ್ಟಿಲು ಹತ್ತಿದರೆ ಒಟ್ಟು 67 ಶೇಕಡಾ ಜನ ಗುಣವಾಗಬಹುದೆಂದು ಲೆಕ್ಕ ಹಾಕಿದರು. ಆ ಸಂಖ್ಯೆ ಹದಿನೇಳು ವರ್ಷ ಎಲ್ಲ ಉಪನ್ಯಾಸಗಳಲ್ಲೂ ಓಡಾಡಿತು. 2023ರಲ್ಲಿ ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಮೂಲ ಯೋಜನೆಯ ನಿಯಮದಂತೆ ಲೆಕ್ಕ ಹಾಕಿ 35 ಶೇಕಡಾ ಎಂದರು. ಮೂಲ ತಂಡದವರು ಒಪ್ಪಲಿಲ್ಲ. ಜಗಳ ಇನ್ನೂ ಮುಗಿದಿಲ್ಲ. ಹೆಚ್ಚು ಮೆಟ್ಟಿಲು ಹತ್ತಿ ಗುಣವಾದವರು ಮತ್ತೆ ಜಾರುವ ಸಂಭವವೂ ಹೆಚ್ಚು ಎಂಬುದು ಮಾತ್ರ ಮೊದಲ ವರದಿಯಲ್ಲೇ ಇತ್ತು.

ನಮ್ಮ ಕನ್ನಡ ಕೂಟದ ಒಬ್ಬ ಅಕ್ಕನ ಮಾತು ಇಲ್ಲಿ ಬರಬೇಕು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಹಾಸನದ ಕಡೆಯವರು, ಅರವತ್ತರ ಹತ್ತಿರ. ಒಂಬತ್ತು ವರ್ಷ ಸರ್ಟ್ರಲೀನ್ ನುಂಗಿದ್ದಾರೆ, ಅದರಲ್ಲಿ ಏಳು ವರ್ಷ ಚೆನ್ನಾಗಿಯೇ ಇದ್ದರು. "ಮಾತ್ರೆ ಹಳಸಿಬಿಟ್ಟಿದೆ ಕಣಪ್ಪ," ಎಂದರು ಒಂದು ಸಂಜೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ. ಡಾಕ್ಟರಿಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲವಂತೆ. ಹೇಳಿದರೆ ತಮ್ಮದೇ ಏನೋ ತಪ್ಪೆಂದು ಆಗುತ್ತದೆಂಬ ಅಂಜಿಕೆ. ಮನೆಯವರಿಗಂತೂ ಮಾತ್ರೆಯ ವಿಷಯವೇ ಗೊತ್ತಿಲ್ಲ, ಥೈರಾಯ್ಡ್ ಮಾತ್ರೆ ಎಂದು ಹೇಳಿದ್ದಾರೆ. "ಗೊತ್ತಾದರೆ ನಿಮ್ಹಾನ್ಸ್ ಅಂತಾರೆ," ಎಂದು ನಕ್ಕರು.

ಆಗ ನಾನು ಅವರಿಗೆ ಹೇಳಿದ್ದು ಒಂದು ಸಂಖ್ಯೆಯನ್ನು. ಇಂಗ್ಲೆಂಡಿನ ಜಿಪಿಗಳ ಬಳಿ ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡು ಈಗ ನಿಲ್ಲಿಸಬಹುದೆನಿಸಿದ 478 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು, 2021ರಲ್ಲಿ ಪ್ರಕಟವಾಯಿತು. ನಿಧಾನವಾಗಿ ನಿಲ್ಲಿಸಿದವರಲ್ಲಿ 56 ಶೇಕಡಾ ಜನರಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಎಲ್ಲರೂ ಎತ್ತಿ ಹೇಳುವುದು ಇದನ್ನೇ. ಆದರೆ ಮಾತ್ರೆಯನ್ನು ಮುಂದುವರಿಸಿದವರಲ್ಲೂ 39 ಶೇಕಡಾ ಜನರಿಗೆ ಮರಳಿತ್ತು. ಅಕ್ಕನ ಸಾಲಿನಲ್ಲಿ ನಿಂತವರು ಅಷ್ಟು ಮಂದಿ. ಅಕ್ಕ ಆ ಸಂಖ್ಯೆಯನ್ನು ರಸೀದಿಯ ಹಿಂದೆ ಬರೆಸಿಕೊಂಡರು.

ನಿಮ್ಹಾನ್ಸ್ ಹೆಸರು ಬಂತೆಂದು ಒಂದು ಮಾತು. ಬೈಗುಳದಂತೆ ಬಳಸುವ ಆ ಸಂಸ್ಥೆ ಇದೇ ಪ್ರಶ್ನೆಯ ಒಂದು ತುದಿಯನ್ನು ಪರೀಕ್ಷಿಸಿದೆ. ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಕೂನ್ ಅವರ ಅದೇ ಇಮಿಪ್ರಮೀನ್, ಒಂದಕ್ಕೆ ಸುದರ್ಶನ ಕ್ರಿಯೆ ಕೊಟ್ಟು ಜನಕಿರಾಮಯ್ಯ, ಗಂಗಾಧರ ಮೊದಲಾದವರು 2000ದಲ್ಲಿ ಪ್ರಕಟಿಸಿದರು. ನಾಲ್ಕು ವಾರದಲ್ಲಿ ಗುಣವಾದವರು ಕ್ರಮವಾಗಿ 93, 73, 67 ಶೇಕಡಾ. ಗುಂಪಿಗೆ ಹದಿನೈದೇ ಜನ, ಹೆಚ್ಚು ಎಳೆಯಬಾರದು. ಉಸಿರಾಟದ ಬಳಗದವರು 67ನ್ನು ಹೇಳಿ 93ನ್ನು ಬಿಡುವುದನ್ನು ಕೇಳಿದ್ದೇನೆ. ನಮ್ಮ ಜನ "ಕರೆಂಟು ಕೊಡ್ತಾರೆ" ಎಂದು ಹೆದರುವ ಚಿಕಿತ್ಸೆ ಅಲ್ಲಿ ಎಲ್ಲಕ್ಕಿಂತ ಮೇಲಿತ್ತು. 1938ರಲ್ಲಿ ರೋಮ್‌ನಲ್ಲಿ ಹುಟ್ಟಿದ್ದು ಅರಿವಳಿಕೆಯೊಂದಿಗೆ ಇಂದಿಗೂ ಉಳಿದಿರುವುದು ಸುಮ್ಮನೆ ಅಲ್ಲ. ಅಕ್ಕನಿಗೆ ಅದು ಬೇಕಿರಲಿಲ್ಲ, ಆ ಮಾತು ಬೇರೆ.

ಜಿಪಿ ಮೊದಲು ಅವರಿಗೆ ರಕ್ತಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಡಿಮೆಯಾದರೂ, ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆಯಾದರೂ ಖಿನ್ನತೆಯಂತೆಯೇ ಕಾಣುತ್ತದೆ. ಎರಡೂ ಸರಿಯಿತ್ತು. ಮಾತ್ರೆ ತಪ್ಪಿಸುತ್ತೀರಾ, ಬೇರೆ ಔಷಧ ಸೇರಿಕೊಂಡಿದೆಯಾ, ಈಚೆಗೆ ಏನಾಯಿತು ಎಂದು ಕೇಳಿದರು. ಆಮೇಲೆ ದಾರಿಗಳನ್ನು ಮುಂದಿಟ್ಟರು: ಏರಿಸುವುದು, ಬದಲಿಸುವುದು, ಇನ್ನೊಂದು ಜೋಡಿಸುವುದು, ಮಾತಿನ ಚಿಕಿತ್ಸೆ. ಇಂಗ್ಲೆಂಡಿನ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಕೊನೆಯದಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಮಾತ್ರೆಗೆ ಬಗ್ಗದ 469 ಜನರ ಬ್ರಿಟಿಷ್ ಅಧ್ಯಯನದಲ್ಲಿ ಮಾತಿನ ಚಿಕಿತ್ಸೆ ಸೇರಿಸಿದ ಆರು ತಿಂಗಳಿಗೆ 46 ಶೇಕಡಾ ಜನ ಗಣನೀಯವಾಗಿ ಸುಧಾರಿಸಿದ್ದರು, ಸೇರಿಸದವರಲ್ಲಿ 22. ಅದು 2013ರ ಮಾತು.

"ಆದರೆ ಇಂಗ್ಲಿಷಿನಲ್ಲಿ ಅಳೋದಕ್ಕೆ ನನಗೆ ಬರಲ್ಲ," ಎಂದರು ಅಕ್ಕ. ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಉದ್ಯೋಗ ಮಾಡಿದವರ ಮಾತು ಇದು. ಮೇಲೆ ಹೇಳಿದ ಸಂಖ್ಯೆಗಳಲ್ಲೆಲ್ಲ ಆ ಒಂದು ವಾಕ್ಯಕ್ಕೆ ಜಾಗವಿಲ್ಲ. ದುಭಾಷಿಯನ್ನು ಕೊಡುತ್ತೇವೆಂದರು. ಮೂರನೆಯವರು ಕೂತಿದ್ದರೆ ಗಂಡ ತೀರಿಕೊಂಡ ರಾತ್ರಿಯ ಮಾತು ಹೇಗೆ ಆಡುವುದು? ಕೊನೆಗೆ ಬೆಂಗಳೂರಿನ ಒಬ್ಬ ಆಪ್ತಸಮಾಲೋಚಕಿಯ ಜೊತೆ ಗುರುವಾರ ಬೆಳಿಗ್ಗೆ ಫೋನಿನಲ್ಲಿ ಮಾತಾಡುವುದೆಂದಾಯಿತು, ಹಣ ಸ್ವಂತದ್ದು. ಮಾತ್ರೆಯನ್ನು ಬದಲಿಸುವುದು ಬೇಡವೆಂದರು, ಏಳು ವರ್ಷ ಕೈಹಿಡಿದದ್ದಲ್ಲವೇ ಎಂದು. ಜಿಪಿ ಒಪ್ಪಿ ಐವತ್ತು ಮಿಲಿಗ್ರಾಂ ಏರಿಸಿ, ಆರು ವಾರಕ್ಕೆ ಬರಹೇಳಿದರು. ಆ ಆರು ವಾರದಲ್ಲಿ ನಿದ್ದೆ, ಊಟ, ಅಳು ಎಂಬ ಮೂರೇ ಕಲಮುಗಳಲ್ಲಿ ದಿನಾ ಒಂದು ಸಾಲು ಬರೆದಿಡಿ ಎಂದು ನಾನು ಹೇಳಿದೆ. ಗೋಡೆಯ ಕನ್ನಡ ಪಂಚಾಂಗದ ತಾರೀಖಿನ ಚೌಕಗಳಲ್ಲೇ ಬರೆಯುತ್ತಾ ಬಂದರು. ಮೊದಲ ಮೂರು ವಾರದ ಚೌಕಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ನಾಲ್ಕನೆಯ ವಾರದ ಒಂದು ಚೌಕದಲ್ಲಿ "ಹುಳಿಗೆ ಇಂಗು ಸಾಲಲಿಲ್ಲ ಅನ್ನಿಸಿತು" ಎಂದಿತ್ತು. ಜಿಪಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಕೇಳಲು ಅಂಗಡಿಗೆ ಬಂದಿದ್ದರು.